ಹೊಳೆಯ ಜಲ್ಲಿ, ಮನೆಯ ನಲ್ಲಿ

ಕಲಬುರಗಿ, ವಿಜಯಪುರಗಳಿಂದ ಬಂದು ಅಂಬರನಾಥ, ಡೊಂಬಿವಲಿಗಳಲ್ಲಿ ಮನೆ ಮಾಡಿದ ಕುಟುಂಬಗಳು ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಭೀಮೆಯ ಪಾಲೂ ಇದೆ. ಭೀಮೆಗೆ ಸೇರುವುದು ಇಂದ್ರಾಯಣಿ, ಇಂದ್ರಾಯಣಿಗೆ ಸೇರುವುದು ಆಂಧ್ರಾ ಎಂಬ ಪುಟ್ಟ ನದಿ. ಅದಕ್ಕೆ ಠೋಕರವಾಡಿಯಲ್ಲಿ ಕಟ್ಟೆ ಹಾಕಿ, ಪೂರ್ವಕ್ಕೆ ಹೋಗಬೇಕಾದ ನೀರನ್ನು ಘಟ್ಟದ ಪಶ್ಚಿಮಕ್ಕೆ ಇಳಿಸಿ, ಕರ್ಜತ್ ಸಮೀಪದ ಭಿವಪುರಿಯಲ್ಲಿ ಟಾಟಾದವರು 1922ರಿಂದ ವಿದ್ಯುತ್ ಉತ್ಪಾದಿಸುತ್ತಿದ್ದಾರೆ. ಟರ್ಬೈನ್ ತಿರುಗಿಸಿ ಹೊರಬಿದ್ದ ಆ ನೀರು ಉಲ್ಹಾಸ್ ನದಿಗೆ ಬೀಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲೂ ಉಲ್ಹಾಸ್ ಹರಿಯುತ್ತಿರಲು ಇದು ಒಂದು ಕಾರಣ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) 1972ರಲ್ಲಿ ಕಟ್ಟಿದ ಬಾರವಿ ಅಣೆಕಟ್ಟಿನಿಂದ ಬಿಡುವ ನೀರು ಇನ್ನೊಂದು.

ರಾಜಮಾಚಿ ಬೆಟ್ಟಗಳಲ್ಲಿ ಹುಟ್ಟುವ ಉಲ್ಹಾಸ್ ಕರ್ಜತ್, ನೇರಳ್, ವಾಂಗಣಿ ದಾಟಿ ಬದಲಾಪುರಕ್ಕೆ ಬರುವ ಹೊತ್ತಿಗೆ ಅದರ ಮೇಲೆ ಪಂಪುಗಳ ಸಾಲು ಶುರುವಾಗುತ್ತದೆ. ಬದಲಾಪುರದ ಬ್ಯಾರೇಜಿನಲ್ಲಿ ಮಹಾರಾಷ್ಟ್ರ ಜೀವನ ಪ್ರಾಧಿಕರಣ ನೀರೆತ್ತುತ್ತದೆ. ಜಾಂಭೂಳದಲ್ಲಿ ಎಂಐಡಿಸಿ, ಮೋಹಿಲಿಯಲ್ಲಿ ಕಲ್ಯಾಣ-ಡೊಂಬಿವಲಿ ಪಾಲಿಕೆ, ಶಹಾಡದಲ್ಲಿ ಠಾಣೆ, ಭಿವಂಡಿ, ಮೀರಾ-ಭಾಯಂದರ್‌ಗೆ ನೀರು ಕೊಡುವ ಸ್ಟೆಮ್ ಸಂಸ್ಥೆ. ಒಬ್ಬರ ಜಾಕ್‌ವೆಲ್ (ನೀರೆತ್ತುವ ಬಾವಿ) ದಾಟಿದ ಕೆಲವೇ ಕಿಲೋಮೀಟರಿಗೆ ಮತ್ತೊಬ್ಬರ ಜಾಕ್‌ವೆಲ್. ಇಂಥ ನದಿಯ ತಳದಿಂದ ಜಲ್ಲಿ ಎತ್ತುವವರಿಗೆ ಅದು ಬ್ರಾಸ್ ಲೆಕ್ಕದಲ್ಲಿ ಮಾರುವ ಸರಕು. ಕೆಳಗಿನ ಜಾಕ್‌ವೆಲ್ಲಿನವರಿಗೆ ಅದೇ ಜಲ್ಲಿ ಕಾಸಿಲ್ಲದೆ ಕೆಲಸ ಮಾಡುವ ಶುದ್ಧೀಕರಣ ಘಟಕದ ಮೊದಲ ಹಂತ.

ಇದು ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಉಸುಕಿನಲ್ಲಿ ಗುಂಡಿ ತೋಡಿ, ಜಿನುಗಿ ಬರುವ ವರತಿ ನೀರನ್ನು ಕೊಡಕ್ಕೆ ತುಂಬಿಸಿಕೊಂಡು ಹೋದ ತಲೆಮಾರು ಇನ್ನೂ ಇದೆ. ಪಕ್ಕದಲ್ಲೇ ಹರಿಯುವ ನೀರು ಮಾಸಲಾಗಿದ್ದರೂ ವರತಿಯ ನೀರು ತಿಳಿಯಾಗಿರುತ್ತಿತ್ತು. ಉಸುಕು, ಜಲ್ಲಿಯ ಸಂದುಗಳಲ್ಲಿ ಮಣ್ಣಿನ ಕಣ ಸಿಕ್ಕಿಕೊಳ್ಳುತ್ತದೆ, ಕಲ್ಲಿನ ಮೈಗೆ ಅಂಟಿದ ಸೂಕ್ಷ್ಮಜೀವಿಗಳ ಲೋಳೆ ಕೊಳೆಯನ್ನು ಅರಗಿಸುತ್ತದೆ. ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯಲ್ಲಿ ಇದೇ ತತ್ವವನ್ನು ದೊಡ್ಡ ಪ್ರಮಾಣದಲ್ಲಿ ಬಳಸುತ್ತಾರೆ: ರಷ್ಯನ್ ನದಿಯ ದಂಡೆಯ ಜಲ್ಲಿ ಪದರದ ಅಡಿಯಲ್ಲಿ ಅಡ್ಡ ಕೊಳವೆಗಳನ್ನು ಚಾಚಿದ ಬಾವಿಗಳಿಂದ ಊರಿಗೆ ನೀರು ಹೋಗುತ್ತದೆ.

ಕೆಸರಿನ ಲೆಕ್ಕ

ಜಲ್ಲಿ ಎತ್ತುವುದರಿಂದ ನೀರು ಕೆಡುವುದು ಜಲ್ಲಿ ಇಲ್ಲವಾಗುವುದರಿಂದ ಮಾತ್ರವಲ್ಲ. ಜಲ್ಲಿಯ ಜತೆ ಇದ್ದ ನವುರು ಮಣ್ಣು ಬಿಡುಗಡೆಯಾಗುವುದೇ ತಕ್ಷಣದ ತೊಂದರೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಒಂದು ಬ್ರಾಸ್ ಎಂದರೆ 100 ಘನ ಅಡಿ, ತೂಕದಲ್ಲಿ ಹೆಚ್ಚುಕಡಿಮೆ ನಾಲ್ಕೂವರೆ ಟನ್. ಅದರಲ್ಲಿ ನೂರಕ್ಕೆ 3 ಪಾಲು ಮಾತ್ರ ನವುರು ಮಣ್ಣಿದೆ ಎಂದುಕೊಳ್ಳಿ. ಅದು 135 ಕಿಲೋ. ಕೊಳಚೆಯನ್ನು ಹೊಳೆಗೆ ಬಿಡುವವರಿಗೆ ಪರಿಸರ ಸಂರಕ್ಷಣಾ ನಿಯಮಗಳು ಹಾಕಿರುವ ಮಿತಿ ಲೀಟರಿಗೆ 100 ಮಿಲಿಗ್ರಾಂ ತೇಲುಕಣ. ಈ 135 ಕಿಲೋವನ್ನು ಆ ಮಿತಿಗೆ ತೆಳುಗೊಳಿಸಲು ಬೇಕಾಗುವ ನೀರು 13.5 ಲಕ್ಷ ಲೀಟರ್. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಅಂದರೆ ಒಂದು ಬ್ರಾಸ್ ಜಲ್ಲಿಯನ್ನು ಹೊಳೆಯಲ್ಲೇ ಜಾಲಿಸಿದರೆ ಹತ್ತು ಸಾವಿರ ಜನರ ಒಂದು ದಿನದ ನೀರು ಕೊಳಚೆಯ ಮಿತಿಯವರೆಗೂ ಕದಡುತ್ತದೆ. ಒಂದು ಡಂಪರಿನಲ್ಲಿ ಹೋಗುವುದು ಒಂದೇ ಬ್ರಾಸ್ ಅಲ್ಲ ಎಂಬುದು ಬೇರೆ ಮಾತು.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಕದಡಿಗೆ ಒಪ್ಪುವ ಮಟ್ಟ, ಕದಡು ಅಳೆಯುವ ಮಾನದಲ್ಲಿ, 1 ಎನ್‌ಟಿಯು. ಬೇರೆ ನೀರಿಲ್ಲದಿದ್ದರೆ 5ರವರೆಗೆ. ಕದಡು ಬರೀ ನೋಟದ ದೋಷವಲ್ಲ. ಮಣ್ಣಿನ ಕಣಕ್ಕೆ ಅಂಟಿಕೊಂಡ ಬ್ಯಾಕ್ಟೀರಿಯಾಕ್ಕೆ ಕ್ಲೋರಿನ್ ಸರಿಯಾಗಿ ತಾಗುವುದಿಲ್ಲ. ಮೇಲೆ ನೀರು ಕದಡಿದಷ್ಟೂ ಕೆಳಗಿನ ಘಟಕ ಹೆಚ್ಚು ಪಟಿಕ ಸುರಿಯಬೇಕು, ಫಿಲ್ಟರುಗಳನ್ನು ಮತ್ತೆ ಮತ್ತೆ ತೊಳೆಯಬೇಕು. ಆ ಖರ್ಚು ಜಲ್ಲಿಯ ಬೆಲೆಯಲ್ಲಿ ಎಲ್ಲೂ ಸೇರಿರುವುದಿಲ್ಲ.

ಈಗ ನಿಯಮದ ಪುಸ್ತಕಕ್ಕೆ ಬರೋಣ. ಕೇಂದ್ರ ಪರಿಸರ ಸಚಿವಾಲಯದ 2016ರ ಸುಸ್ಥಿರ ಮರಳುಗಾರಿಕೆ ಮಾರ್ಗಸೂಚಿ, ಸೇತುವೆ, ಪಂಪ್‌ಹೌಸ್, ನೀರೆತ್ತುವ ಸ್ಥಾವರಗಳಿಂದ 200ರಿಂದ 500 ಮೀಟರ್ ಒಳಗೆ ಮರಳು, ಜಲ್ಲಿ ತೆಗೆಯಬಾರದು ಎನ್ನುತ್ತದೆ. ಸೇತುವೆಯ ಕಂಬದ ಬುಡ ಕೊರೆಯದಿರಲು ಈ ಅಂತರ ಸಾಕಾಗಬಹುದು. ನೀರಿನ ಗುಣಕ್ಕೆ ಸಾಲದು. ಹೊಳೆ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹರಿದರೂ 500 ಮೀಟರನ್ನು 17 ನಿಮಿಷದಲ್ಲಿ ದಾಟುತ್ತದೆ. ನಿಂತ ನೀರಿನಲ್ಲಿ 0.01 ಮಿಲಿಮೀಟರ್ ದಪ್ಪದ ಹೂಳಿನ ಕಣ ಒಂದು ಮೀಟರ್ ಕೆಳಗಿಳಿಯಲು ಸುಮಾರು 3 ತಾಸು ಬೇಕು, 0.002 ಮಿಲಿಮೀಟರಿನ ಜೇಡಿ ಕಣಕ್ಕೆ 3 ದಿನ. ಹರಿಯುವ ನೀರಿನಲ್ಲಿ ಅದು ಇಳಿಯುವುದೇ ಇಲ್ಲ ಎನ್ನಿ. ಹಾಗಾಗಿ ಜಾಕ್‌ವೆಲ್ಲಿನಿಂದ ಎಷ್ಟು ದೂರ ಎಂಬ ಪ್ರಶ್ನೆಗಿಂತ, ಕದಡು ನೀರಿಗೆ ಸೇರುತ್ತದೋ ಇಲ್ಲವೋ ಎಂಬುದು ದೊಡ್ಡ ಪ್ರಶ್ನೆ. ಬದಲಾಪುರದಿಂದ ಮೋಹಿಲಿಯವರೆಗಿನ ಉಲ್ಹಾಸ್‌ನಲ್ಲಿ ನೀರೆತ್ತುವ ಸ್ಥಾವರಗಳು ಇಷ್ಟು ಒತ್ತಾಗಿರುವಾಗ, ಅಲ್ಲಿ ಜಲ್ಲಿಗೆ ಗುತ್ತಿಗೆ ಕೊಡುವ ಮಾತೇ ಬರಬಾರದು. ಮುಂದೆ ಹೇಳುವ ಎಚ್ಚರಗಳೆಲ್ಲ ಅದರ ಮೇಲಿನ ಭಾಗಕ್ಕೆ, ಉಪನದಿಗಳಿಗೆ, ಮತ್ತು ಪರವಾನಗಿ ಸಿಗುವ ಬೇರೆ ಹೊಳೆಗಳಿಗೆ.

ಒಣ ದಿಣ್ಣೆ ಮಾತ್ರ

ಮಳೆಗಾಲ ಕಳೆದು ಹೊಳೆ ಇಳಿದಾಗ, ತಿರುವಿನ ಒಳಬದಿಯಲ್ಲಿ ಜಲ್ಲಿಯ ದಿಣ್ಣೆಗಳು ಏಳುತ್ತವೆ. ಜಲ್ಲಿ ತೆಗೆಯಲು ತಕ್ಕ ಜಾಗ ಇವು, ಅದೂ ಹರಿವಿನ ಮಟ್ಟಕ್ಕಿಂತ ಮೇಲಿರುವ ಒಣ ಪದರ ಮಾತ್ರ. ಬಕೆಟ್ಟಿನ ಹಲ್ಲು ನೀರಿಗೆ ತಾಗಿತೆಂದರೆ ಕೆಲಸ ಕೆಟ್ಟಿತು. ಮಾರ್ಗಸೂಚಿ ಆಳವನ್ನು 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಕಡಿಮೆಯೋ ಅಷ್ಟಕ್ಕೆ ನಿಲ್ಲಿಸುತ್ತದೆ. ಗುತ್ತಿಗೆದಾರರು ಮೊದಲನೆಯ ಅಂಕಿಯನ್ನು ಮಾತ್ರ ನೆನಪಿಡುತ್ತಾರೆ, ಎರಡನೆಯದು ಮರೆತುಹೋಗುತ್ತದೆ. ಪ್ರಾಯೋಗಿಕವಾಗಿ, ಹರಿವಿನ ಮಟ್ಟಕ್ಕಿಂತ ಅರ್ಧ ಮೀಟರ್ ಮೇಲೆ ನಿಲ್ಲಿಸುವುದು ಒಳ್ಳೆಯದು. ದಿಣ್ಣೆಯ ಮೇಲೆ ಅಲ್ಲಲ್ಲಿ ಗೂಟ ಹೊಡೆದು ಕೆಂಪು ಬಣ್ಣದ ಗೆರೆ ಎಳೆದರೆ ಪೊಕ್ಲೇನ್ ನಡೆಸುವವನಿಗೆ ಎಲ್ಲಿ ನಿಲ್ಲಿಸಬೇಕೆಂದು ಕಣ್ಣಿಗೇ ಕಾಣುತ್ತದೆ. ಕಾಗದದ ಮೇಲಿನ ಷರತ್ತು ಕ್ಯಾಬಿನ್ನಿನ ತನಕ ತಲುಪುವುದಿಲ್ಲ.

ದಿಣ್ಣೆಯ ತಲೆಭಾಗವನ್ನು, ಎಂದರೆ ಹೊಳೆ ಬಂದು ಮೊದಲು ತಾಗುವ ಮೇಲಿನ ಮೂರನೇ ಒಂದು ಪಾಲನ್ನಾದರೂ, ಮುಟ್ಟಬಾರದು. ಅಲ್ಲಿ ದಪ್ಪ ಕಲ್ಲುಗಳು ಒಂದರ ಮೇಲೊಂದು ಕೂತು ಒಂದು ಬಗೆಯ ಕವಚವಾಗಿರುತ್ತವೆ. ಅದನ್ನು ಕಿತ್ತರೆ ಮುಂದಿನ ಪ್ರವಾಹಕ್ಕೆ ಇಡೀ ದಿಣ್ಣೆಯೇ ಕರಗುತ್ತದೆ, ಅಡಿಯ ಹೂಳೆಲ್ಲ ಒಮ್ಮೆಲೇ ಕೆಳಗೆ ಹೋಗುತ್ತದೆ. ದಂಡೆಯಿಂದಲೂ ಅಂತರ ಬೇಕು: ನದಿಯ ಅಗಲದ ಕಾಲು ಭಾಗ, ಯಾವ ಕಾರಣಕ್ಕೂ 7.5 ಮೀಟರಿಗೆ ಕಡಿಮೆ ಇಲ್ಲ ಎನ್ನುತ್ತದೆ 2016ರ ದಾಖಲೆ. ಕೆಲಸ ಮುಗಿದ ಮೇಲೆ ಗುಂಡಿಗಳನ್ನು ಹಾಗೆಯೇ ಬಿಡದೆ ನೆಲವನ್ನು ಹೊಳೆಯತ್ತ ಸ್ವಲ್ಪ ಇಳಿಜಾರಾಗಿ ಸಮ ಮಾಡಬೇಕು. ಗುಂಡಿಯಲ್ಲಿ ನಿಂತ ನೀರು ಬಿಸಿಲಿಗೆ ಕಾಯುತ್ತದೆ, ಪಾಚಿಗಟ್ಟುತ್ತದೆ, ಪ್ರವಾಹ ಇಳಿದಾಗ ಸಿಕ್ಕಿಬಿದ್ದ ಮೀನು ಅಲ್ಲೇ ಸಾಯುತ್ತದೆ.

ಕಾಲದ ಬಗ್ಗೆ ನಿಯಮ ಹೇಳುವುದು ಇಷ್ಟೇ: ಮಳೆಗಾಲದಲ್ಲಿ ನದಿಗಿಳಿಯಬೇಡಿ, ರಾತ್ರಿ ಕೆಲಸ ಬೇಡ. ಕೇಂದ್ರದ 2020ರ ಜಾರಿ ಮತ್ತು ನಿಗಾ ಮಾರ್ಗಸೂಚಿ ಎರಡನ್ನೂ ಖಚಿತವಾಗಿ ಹೇಳಿದೆ. ಕೊಂಕಣದ ಹೊಳೆಗಳಿಗೆ ಇನ್ನೊಂದು ಎಚ್ಚರ ಸೇರಿಸಬೇಕು. ಏಪ್ರಿಲ್, ಮೇನಲ್ಲಿ ದಿಣ್ಣೆಗಳು ಚೆನ್ನಾಗಿ ಒಣಗಿರುತ್ತವೆ ನಿಜ. ಆದರೆ ಹೊಳೆಯಲ್ಲಿ ನೀರು ತೀರಾ ಕಡಿಮೆ, ಒಂದು ಬಕೆಟ್ ಕೆಸರು ಬಿದ್ದರೂ ತೆಳುವಾಗಲು ನೀರಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕಾಲ ಹೆಚ್ಚು ಕ್ಷೇಮ. ಜೂನ್ ಮೊದಲ ವಾರದ ತನಕ ಎಳೆದು, ಮೊದಲ ಮಳೆಗೆ ದಾರಿ, ರಾಶಿ, ಯಂತ್ರ ಎಲ್ಲವನ್ನೂ ಬಿಟ್ಟೋಡುವ ಪರಿಪಾಠ ಎಲ್ಲಕ್ಕಿಂತ ಕೆಟ್ಟದ್ದು.

ಡಂಪರುಗಳು ಹೊಳೆ ದಾಟುವ ಜಾಗದಲ್ಲಿ ದಿನವಿಡೀ ಕದಡು ಏಳುತ್ತದೆ. ದಾಟಲೇಬೇಕಿದ್ದರೆ ಒಂದೇ ಕಡೆ ದೊಡ್ಡ ಹ್ಯೂಮ್ ಪೈಪುಗಳನ್ನಿಟ್ಟು, ಮೇಲೆ ತೊಳೆದ ದಪ್ಪ ಕಲ್ಲು ಹಾಸಬೇಕು, ಕೆಂಪು ಮುರುಮ್ ಅಲ್ಲ. ಮೇ ಕೊನೆಗೆ ಅದನ್ನು ಪೂರ್ತಿ ಕಿತ್ತು ಒಯ್ಯಬೇಕು.

ಇನ್ನು ಡೀಸೆಲ್. ಹೊರಬಿಡುವ ನೀರಿನಲ್ಲಿ ಎಣ್ಣೆ, ಜಿಡ್ಡಿಗೆ ಮಿತಿ ಲೀಟರಿಗೆ 10 ಮಿಲಿಗ್ರಾಂ. ಒಂದು ಲೀಟರ್ ಡೀಸೆಲ್ ಚೆಲ್ಲಿದರೆ 80 ಸಾವಿರ ಲೀಟರಿಗೂ ಹೆಚ್ಚು ನೀರು ಆ ಮಿತಿಗೆ ಮುಟ್ಟುತ್ತದೆ. ಆದ್ದರಿಂದ ಇಂಧನ ತುಂಬುವುದು, ಗ್ರೀಸ್ ಹಾಕುವುದು, ಹೈಡ್ರಾಲಿಕ್ ಹೋಸ್ ಬದಲಿಸುವುದು ದಂಡೆಯ ಮೇಲೆ, ನೀರಿನಿಂದ ಕನಿಷ್ಠ 50 ಮೀಟರ್ ಆಚೆ, ಅಡಿಗೆ ತಗಡಿನ ತಟ್ಟೆಯಿಟ್ಟು. ಪಕ್ಕದಲ್ಲಿ ಎರಡು ಚೀಲ ಮರದ ಹೊಟ್ಟು ಇರಲಿ, ಚೆಲ್ಲಿದ್ದನ್ನು ಹೀರಿಸಲು. ಸಂಜೆಯಾದ ಮೇಲೆ ಯಾವ ಯಂತ್ರವೂ ಹೊಳೆಪಾತ್ರದಲ್ಲಿ ನಿಲ್ಲಬಾರದು. ಬಾರವಿ ಗೇಟು ತೆರೆದರೆ, ಭಿವಪುರಿಯಲ್ಲಿ ಟರ್ಬೈನ್ ತಿರುಗಿದರೆ, ಮಳೆಯಿಲ್ಲದ ದಿನವೂ ನೀರು ಏರಬಲ್ಲದು.

ಯಾರೂ ಮಾತಾಡದ ಮಾಲಿನ್ಯವೊಂದಿದೆ. ಹೊಳೆ ದಂಡೆಯಲ್ಲಿ ಡೇರೆ ಹಾಕಿ ತಿಂಗಳುಗಟ್ಟಲೆ ಇರುವ ಕೂಲಿಗಳಿಗೆ ಶೌಚಾಲಯ ಇರುವುದಿಲ್ಲ; ಅವರು ಹೋಗುವುದು ಅದೇ ದಿಣ್ಣೆಯ ಆಚೆ ಬದಿಗೆ. ಅದರಲ್ಲಿ ಅವರ ತಪ್ಪಿಲ್ಲ. ಪರಿಸರ ಅನುಮತಿಯ ಕಡತ ಎಷ್ಟೇ ದಪ್ಪವಿರಲಿ, ಕೂಲಿಗಳಿಗೆ ಎರಡು ತಾತ್ಕಾಲಿಕ ಶೌಚಾಲಯ ಇಲ್ಲದಿದ್ದರೆ ಆ ಜಾಗ ನೀರಿಗೆ ಅಪಾಯವೇ.

ತೊಳೆಯುವ ಜಾಗ

ನದಿಯ ನೀರನ್ನು ಹೆಚ್ಚು ಕೆಡಿಸುವುದು ಅಗೆತಕ್ಕಿಂತ ತೊಳೆತ. ಕೋಲಾರ, ಬೆಂಗಳೂರು ಗ್ರಾಮಾಂತರದವರಿಗೆ ಇದು ಗೊತ್ತು. ಹೊಳೆಯ ಮರಳು ಮುಗಿದ ಮೇಲೆ ಅಲ್ಲಿ ಹೊಲದ ಮಣ್ಣನ್ನೇ ನೀರಿನಲ್ಲಿ ಜಾಲಿಸಿ ಮರಳು ಬೇರ್ಪಡಿಸುವ ಫಿಲ್ಟರ್ ಮರಳಿನ ದಂಧೆ ಬೆಳೆಯಿತು. ಸರ್ಕಾರ ನಿಷೇಧಿಸಿದರೂ ಕದ್ದುಮುಚ್ಚಿ ನಡೆಯಿತು. ಉಳಿದ ಕೆಸರೆಲ್ಲ ಹೋದದ್ದು ಕೆರೆ, ಕಾಲುವೆಗಳಿಗೆ.

ಕಾನೂನುಬದ್ಧವಾಗಿ ಜಲ್ಲಿ ತೊಳೆಯುವವರಿಗೂ ಅದೇ ಕೆಸರಿನ ಸಮಸ್ಯೆ. ಪರಿಹಾರ ಕೆಸರು ಇಳಿಯಲು ಬಿಡುವ ತಿಳಿಗೊಳ, ಅದರ ಅಳತೆಯನ್ನು ಕಣ್ಣಂದಾಜಿನಲ್ಲಿ ಮಾಡಬಾರದು. ಕೊಳದ ಆಳಕ್ಕಿಂತ ಹರವು ಮುಖ್ಯ. ಸೆಕೆಂಡಿಗೆ 20 ಲೀಟರ್ ನೀರು ಬಳಸುವ ಘಟಕವಿದೆ ಎನ್ನೋಣ. 0.01 ಮಿಲಿಮೀಟರ್ ಹೂಳು ಇಳಿಯುವ ವೇಗದಿಂದ ಭಾಗಿಸಿದರೆ ಬೇಕಾಗುವ ಹರವು ಸುಮಾರು 220 ಚದರ ಮೀಟರ್. ನೀರು ಸುಳಿಯುವುದಕ್ಕೆ ದುಪ್ಪಟ್ಟು ಲೆಕ್ಕ ಹಿಡಿದರೆ 450, ಅಂದರೆ 30 ಮೀಟರ್ ಉದ್ದ, 15 ಮೀಟರ್ ಅಗಲ. ಒಳಗೆ ಬರುವ ಬಾಯಿ ಒಂದು ತುದಿಗೆ, ಹೊರಹೋಗುವ ಬಾಯಿ ಇನ್ನೊಂದು ತುದಿಗೆ ಇರಬೇಕು. ಎರಡೂ ಒಂದೇ ಮೂಲೆಯಲ್ಲಿದ್ದರೆ ಕೊಳ ಇದ್ದೂ ಇಲ್ಲದ ಹಾಗೆ.

ಆದರೆ 0.002 ಮಿಲಿಮೀಟರಿನ ಜೇಡಿಗೆ ಇದೇ ಲೆಕ್ಕ ಹಾಕಿದರೆ 5,500 ಚದರ ಮೀಟರ್, ಒಂದೂಕಾಲು ಎಕರೆಗೂ ಮೇಲೆ. ಅಂಬರನಾಥದ ಸುತ್ತಮುತ್ತ ಅಷ್ಟು ಜಾಗ ಕೆಸರಿಗೆ ಬಿಡುವವರು ಯಾರು? ಹೀಗಾಗಿ ಉಳಿಯುವ ದಾರಿ ಎರಡು. ಒಂದು, ತೊಳೆದ ನೀರನ್ನು ಹೊರಗೆ ಬಿಡದೆ ಅದೇ ಕೊಳದಿಂದ ಮತ್ತೆ ತೊಳೆಯಲು ಎತ್ತುವುದು. ಜಲ್ಲಿ ತೊಳೆಯಲು ಕುಡಿಯುವಷ್ಟು ತಿಳಿ ನೀರು ಬೇಕಿಲ್ಲ. ಎರಡು, ಪಟಿಕ. 10 ಗ್ರಾಂ ಪಟಿಕವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ ಅದರ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುತ್ತದೆ. ಸಾಲಾಗಿ ಲೀಟರ್ ಬಾಟಲಿಗಳಲ್ಲಿ ಕೆಸರು ನೀರು ತುಂಬಿ, ಒಂದಕ್ಕೆ 1 ಮಿಲಿಲೀಟರ್, ಇನ್ನೊಂದಕ್ಕೆ 2, 3, 5 ಎಂದು ಹಾಕಿ, ಕಲಕಿ, ಅರ್ಧ ಗಂಟೆ ಬಿಟ್ಟು ನೋಡಿದರೆ ಯಾವ ಪ್ರಮಾಣಕ್ಕೆ ಕೆಸರು ಗಡ್ಡೆಗಟ್ಟಿ ಇಳಿಯುತ್ತದೆಂದು ತಿಳಿಯುತ್ತದೆ. ಹೆಚ್ಚು ಸುರಿದರೆ ನೀರು ಹುಳಿಯಾಗುತ್ತದೆ, ಲಾಭವೂ ಇಲ್ಲ. ಕೊಳದ ತಳದ ಕೆಸರನ್ನು ತೆಗೆದು ಒಣಗಿಸಿ ಹಳೆಯ ಗಣಿಗುಂಡಿ ತುಂಬಲು ಬಳಸಬಹುದು. ಮಳೆಗಾಲದಲ್ಲಿ ಅದನ್ನೇ ಹಳ್ಳಕ್ಕೆ ತಳ್ಳಿದರೆ ಆರು ತಿಂಗಳ ಶ್ರಮ ಒಂದೇ ರಾತ್ರಿಗೆ ನೀರುಪಾಲು.

ಹಸಿದ ನೀರು, ವಿಷದ ತಳ

ಭೂವಿಜ್ಞಾನಿ ಮಥಾಯಸ್ ಕಾಂಡಾಲ್ಫ್ 1997ರಲ್ಲಿ ಬರೆದ ಪ್ರಬಂಧವೊಂದು ಅಣೆಕಟ್ಟು ಮತ್ತು ಜಲ್ಲಿ ಗಣಿಗಾರಿಕೆಗಳು ಸೇರಿ ನದಿಗೆ ಏನು ಮಾಡುತ್ತವೆಂದು ವಿವರಿಸಿತು. ಅಣೆಕಟ್ಟಿನ ಹಿಂದೆ ಮರಳು, ಜಲ್ಲಿ ನಿಂತುಬಿಡುತ್ತವೆ. ಗೇಟಿನಿಂದ ಹೊರಬೀಳುವ ನೀರಿಗೆ ಹೊರಲು ಏನೂ ಇರುವುದಿಲ್ಲ. ಅವರು ಹಸಿದ ನೀರು ಎಂದು ಕರೆದ ಈ ಹರಿವು ಕೆಳಗಿನ ತಳವನ್ನೂ ದಂಡೆಯನ್ನೂ ಕೊರೆಯುತ್ತದೆ. ಬಾರವಿಯ ಕೆಳಗೆ, ಭಾತಸಾ ಅಣೆಕಟ್ಟಿನ ಕೆಳಗೆ ಪರಿಸ್ಥಿತಿ ಇದೇ: ಮೇಲಿನಿಂದ ಬರುವ ಜಲ್ಲಿಗೆ ಕಟ್ಟೆ ಅಡ್ಡ. ಅಲ್ಲಿ ಈ ವರ್ಷ ತೆಗೆದದ್ದನ್ನು ಮುಂದಿನ ಮಳೆ ತುಂಬಿಕೊಡುತ್ತದೆ ಎಂಬ ಭರವಸೆಗೆ ಆಧಾರವಿಲ್ಲ. ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ತಳದ ಅಳತೆ ಮಾಡಿ, ಎಷ್ಟು ಮರುತುಂಬಿದೆಯೋ ಅಷ್ಟರೊಳಗೇ ತೆಗೆಯಬೇಕೆಂದು 2020ರ ಮಾರ್ಗಸೂಚಿ ಹೇಳುವುದು ಇದಕ್ಕೇ.

ಕಲ್ಯಾಣದಿಂದ ಕೆಳಗೆ ಕಥೆಯೇ ಬೇರೆ. ದುರ್ಗಾಡಿ ಕೋಟೆಯ ಬುಡದಿಂದ ಡೊಂಬಿವಲಿಯ ಮೋಠಾಗಾಂವ್, ಮುಂಬ್ರಾ, ಠಾಣೆಯವರೆಗೆ ಅದು ಭರತ ಇಳಿತವಿರುವ ಖಾಡಿ. ರೇತಿಬಂದರ್ ಎಂಬ ಹೆಸರು ಠಾಣೆ, ಕಲ್ಯಾಣ, ಮುಂಬ್ರಾಗಳಲ್ಲೆಲ್ಲ ಇರುವುದೇ ಅಲ್ಲಿಯ ಹಳೆಯ ಮರಳು ವ್ಯಾಪಾರಕ್ಕೆ ಸಾಕ್ಷಿ. ಹಿಂದೆ ಡುಬಿ ಹೊಡೆಯುವವರು ಬಕೆಟ್ ಹಿಡಿದು ಮುಳುಗಿ ರೇತಿ ಎತ್ತುತ್ತಿದ್ದರು. ಈಗ ಕಳ್ಳತನಕ್ಕೆ ಬಾರ್ಜ್ ಮೇಲಿನ ಸಕ್ಷನ್ ಪಂಪು. ಕಂದಾಯ ಅಧಿಕಾರಿಗಳು ದಾಳಿ ಮಾಡಿ ಅವನ್ನು ಗ್ಯಾಸ್ ಕಟರ್‌ನಿಂದ ತುಂಡರಿಸಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಸುಮೈರಾ ಅಬ್ದುಲಾಲಿ ಅವರ ಆವಾಜ್ ಫೌಂಡೇಷನ್ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ 2010ರಲ್ಲಿ ರಾಜ್ಯದ ಮರಳುಗಾರಿಕೆಗೆ ತಡೆ ಹಾಕಿತು. 2012ರ ಫೆಬ್ರುವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 5 ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದಿತು.

ಖಾಡಿಯ ತಳವನ್ನು ಸಕ್ಷನ್ ಪಂಪಿನಿಂದ ಕಲಕುವುದು ಬೇರೆಲ್ಲಕ್ಕಿಂತ ಅಪಾಯಕರ, ಏಕೆಂದರೆ ಅಲ್ಲಿರುವುದು ಬರೀ ಮಣ್ಣಲ್ಲ. ಉಲ್ಹಾಸ್ ಅಳಿವೆಯ ಕೆಸರಿನಲ್ಲಿ ಪಾದರಸ ಸೇರಿರುವುದನ್ನು ಸಾಗರ ವಿಜ್ಞಾನಿಗಳು ದಾಖಲಿಸಿದ್ದಾರೆ. ಕಪ್ಪು ಕೆಸರಿನಲ್ಲಿ ಹುದುಗಿ ಕುಳಿತ ಲೋಹಗಳು ಕಲಕಿದಾಗ ಮತ್ತೆ ನೀರಿಗೆ ಬರುತ್ತವೆ, ಕೆಸರಿನ ಕೊಳೆತ ಪದಾರ್ಥ ನೀರಿನ ಆಮ್ಲಜನಕವನ್ನು ನುಂಗುತ್ತದೆ. ತಳ ಆಳವಾದಷ್ಟೂ ಭರತದ ಉಪ್ಪುನೀರು ಮೇಲೇರುತ್ತದೆ. ಈ ಖಾಡಿಗೆ ಕೂಡಿಕೊಂಡ ಠಾಣೆ ಕ್ರೀಕ್ 2022ರಲ್ಲಿ ರಾಮ್ಸರ್ ತಾಣವಾಯಿತು. ಅಲ್ಲಿ ಇಳಿಯುವ ಫ್ಲೆಮಿಂಗೊಗಳ ಆಹಾರ ಬೆಳೆಯುವುದು ಇದೇ ಕೆಸರಿನಲ್ಲಿ.

ವಾಲಧುನಿಗೆ ಒಂದೇ ಮಾತು ಸಾಕು: ಅಲ್ಲಿಂದ ಏನನ್ನೂ ಎತ್ತಬೇಡಿ. ಕಾಕೋಳೆ ಗುಡ್ಡದಲ್ಲಿ ಹುಟ್ಟಿ, ಶಿಲಾಹಾರರು 1060ರಲ್ಲಿ ಪೂರ್ಣಗೊಳಿಸಿದ ಅಂಬರನಾಥ ಶಿವಾಲಯದ ಮಗ್ಗುಲಲ್ಲೇ ಹರಿದು, ಉಲ್ಹಾಸನಗರ ದಾಟಿ ಉಲ್ಹಾಸ್ ಸೇರುವ ಈ ಹೊಳೆ ಕಾರ್ಖಾನೆಗಳ ತ್ಯಾಜ್ಯವನ್ನು ದಶಕಗಟ್ಟಲೆ ಹೊತ್ತಿದೆ. ವನಶಕ್ತಿ ಸಂಸ್ಥೆಯ ಅರ್ಜಿಯ ಮೇಲೆ ಉಲ್ಹಾಸ್-ವಾಲಧುನಿ ಮಾಲಿನ್ಯಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಭಾರಿ ದಂಡ ವಿಧಿಸಿತ್ತು. ಹೂಳೆತ್ತುವ ಹೆಸರಿನಲ್ಲಿ ಅಲ್ಲಿಂದ ತೆಗೆದ ಜಲ್ಲಿ, ಕೆಸರನ್ನು ತಗ್ಗು ತುಂಬಲು ಬಳಸಿದರೆ, ಹೊಳೆಯ ವಿಷ ಬೋರ್‌ವೆಲ್ಲಿಗೆ ವಿಳಾಸ ಬದಲಿಸಿಕೊಳ್ಳುತ್ತದೆ ಅಷ್ಟೆ. ಪಾಲಿಕೆಯೇ ಹೂಳೆತ್ತಿಸುವುದಾದರೂ ಮೊದಲು ಪ್ರಯೋಗಾಲಯದಲ್ಲಿ ಲೋಹಗಳ ಪರೀಕ್ಷೆ ಆಗಬೇಕು.

ಕಾಸರಗೋಡಿನ ಕನ್ನಡಿಗರು ನೋಡಿದ ಕಾನೂನೊಂದನ್ನು ಇಲ್ಲಿ ನೆನೆಯಬಹುದು. ಕೇರಳದ 2001ರ ನದೀದಂಡೆ ಸಂರಕ್ಷಣೆ ಮತ್ತು ಮರಳು ತೆಗೆತ ನಿಯಂತ್ರಣ ಕಾಯ್ದೆ, ಗುರುತಿಸಿದ ಕಡವುಗಳಲ್ಲಿ (ದಂಡೆಯ ತಾಣಗಳಲ್ಲಿ) ಮಾತ್ರ, ಬೆಳಿಗ್ಗೆ 6ರಿಂದ ಮಧ್ಯಾಹ್ನ 3ರವರೆಗೆ ಮಾತ್ರ ಮರಳು ತೆಗೆಯಲು ಬಿಡುತ್ತದೆ. ಲಾರಿ ದಂಡೆಯಿಂದ 25 ಮೀಟರ್ ಆಚೆಯೇ ನಿಲ್ಲಬೇಕು, ಸೇತುವೆ, ಪಂಪ್‌ಹೌಸ್‌ಗಳಿಂದ 500 ಮೀಟರ್ ಬಿಡಬೇಕು, ಉಪ್ಪುನೀರು ನುಗ್ಗುವಂಥ ಕಡೆ ತೆಗೆಯಲೇಬಾರದು. ಚಂದ್ರಗಿರಿ, ಶಿರಿಯಾ ಹೊಳೆಗಳಲ್ಲಿ ಕಳ್ಳ ಮರಳು ನಿಂತಿತೆಂದಲ್ಲ. ಆದರೂ ಗಡಿಯಾರ ಮತ್ತು ಟೇಪು ಹಿಡಿದು ಯಾರು ಬೇಕಾದರೂ ಪರಿಶೀಲಿಸಬಹುದಾದ ನಿಯಮಗಳು ಅವು, ಅದೇ ಅವುಗಳ ಗುಣ.

ಎರಡು ಬಾಟಲಿಗಳ ಸಾಕ್ಷ್ಯ

ದಂಡೆಯ ಹಳ್ಳಿಯವರು, ಹೌಸಿಂಗ್ ಸೊಸೈಟಿಯವರು ಇದನ್ನೆಲ್ಲ ಅಳೆಯುವುದು ಹೇಗೆ? ಒಂದೇ ಬಗೆಯ ಎರಡು ಗಾಜಿನ ಬಾಟಲಿ ಸಾಕು. ಅಗೆತದ ಜಾಗಕ್ಕಿಂತ ಮೇಲೆ ಒಂದು, ಸುಮಾರು 100 ಮೀಟರ್ ಕೆಳಗೆ ಇನ್ನೊಂದು. ಕೆಳಗಿನ ಮಾದರಿಯನ್ನು ಮೊದಲು ತೆಗೆದುಕೊಳ್ಳಬೇಕು. ಮೇಲಿನದನ್ನು ಮೊದಲು ತೆಗೆಯಲು ಹೊಳೆಗಿಳಿದರೆ ನಿಮ್ಮ ಕಾಲಿನ ಕದಡೇ ಕೆಳಗಿನ ಬಾಟಲಿಗೆ ಬಂದೀತು. ಹರಿವಿಗೆ ಎದುರಾಗಿ ನಿಂತು, ನೀರಿನ ನಡುವಿನ ಆಳದಿಂದ ತುಂಬಿ. ಎರಡರ ಹಿಂದೆಯೂ ಅಚ್ಚಾದ ಕಾಗದ ಹಿಡಿದು, ದಿನಾಂಕ, ಹೊತ್ತು ಕಾಣುವಂತೆ ಒಂದೇ ಫೋಟೊ ತೆಗೆಯಿರಿ. ಮೀಟರ್ ಇದ್ದವರಿಗೆ ಕೆನಡಾದ ಜಲಚರ ಸಂರಕ್ಷಣಾ ಮಾರ್ಗಸೂಚಿ ಒಂದು ಆಸರೆ: ತಿಳಿನೀರಿನ ಹೊಳೆಯಲ್ಲಿ ಕದಡು ಸಹಜ ಮಟ್ಟಕ್ಕಿಂತ 8 ಎನ್‌ಟಿಯು ಮೀರಿ ಏರಬಾರದು ಎನ್ನುತ್ತದೆ ಅದು. ಭಾರತದಲ್ಲಿ ಅದಕ್ಕೆ ಕಾನೂನಿನ ಬಲವಿಲ್ಲ, ಆದರೆ ಗುತ್ತಿಗೆದಾರ ತಾನೇ ಕೆಲಸ ನಿಲ್ಲಿಸುವ ಗೆರೆಯಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ದೂರು ಎರಡು ಕಡೆ ಹೋಗಬೇಕು. ಅಕ್ರಮ ಅಗೆತಕ್ಕೆ ತಲಾಠಿ, ತಹಶೀಲ್ದಾರರು. ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 48ನೇ ಕಲಮು ತಹಶೀಲ್ದಾರರಿಗೆ ಮಾರುಕಟ್ಟೆ ಬೆಲೆಯ ಐದು ಪಟ್ಟಿನವರೆಗೆ ದಂಡ ಹಾಕುವ ಅಧಿಕಾರ ಕೊಟ್ಟಿದೆ. ನೀರು ಕೆಟ್ಟದ್ದಕ್ಕೆ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲ್ಯಾಣ ಕಚೇರಿ, 1974ರ ಜಲ ಕಾಯ್ದೆಯಡಿ. ಒಂದೇ ಕಡೆ ಕೊಟ್ಟರೆ ಅವರು ಇವರತ್ತ, ಇವರು ಅವರತ್ತ ಬೆರಳು ತೋರಿಸುತ್ತಾರೆ.

ಕೊನೆಯ ಮಾತು ಮನೆ ಕಟ್ಟಿಸುವವರಿಗೆ, ಹಳೆಯ ಕಟ್ಟಡ ಕೆಡವಿ ಮರುನಿರ್ಮಾಣಕ್ಕೆ ಹೊರಟ ಸೊಸೈಟಿಗಳಿಗೆ. ಮಹಾರಾಷ್ಟ್ರ 2023ರಲ್ಲಿ ಡಿಪೋಗಳ ಮೂಲಕ ಬ್ರಾಸಿಗೆ 600 ರೂಪಾಯಿಗೆ ಮರಳು ಕೊಡುವ ನೀತಿ ತಂದಿತು. 2025ರಲ್ಲಿ ಅದನ್ನು ಬಿಟ್ಟು ಹರಾಜಿಗೆ ಹಿಂದಿರುಗಿ, ಕಲ್ಲು ಪುಡಿಮಾಡಿದ ಎಂ-ಸ್ಯಾಂಡಿಗೆ ಒತ್ತು ಕೊಟ್ಟಿತು. ಕಾಂಕ್ರೀಟಿಗೆ ಎಂ-ಸ್ಯಾಂಡ್ ಬಳಸಲು ಐಎಸ್ 383:2016 ಮಾನಕ ಒಪ್ಪುತ್ತದೆ. ಅದನ್ನು ಕೊಳ್ಳುವಾಗಲೂ ತೊಳೆದ ನೀರನ್ನು ಎಲ್ಲಿ ಬಿಡುತ್ತೀರಿ ಎಂದು ಕ್ರಷರಿನವರನ್ನು ಕೇಳಬೇಕು, ಸಾಧ್ಯವಾದರೆ ಅವರ ತಿಳಿಗೊಳವನ್ನು ಹೋಗಿ ನೋಡಬೇಕು.

ಅಗ್ಗಕ್ಕೆ ಬರುವ ಖಾಡಿ ರೇತಿಯಲ್ಲಿ ಕ್ಲೋರೈಡ್ ಇರುತ್ತದೆ, ಅದು ಕಾಂಕ್ರೀಟಿನೊಳಗಿನ ಸರಳನ್ನು ತುಕ್ಕು ಹಿಡಿಸುತ್ತದೆ. ಹಳೆಯ ಗೌಂಡಿಗಳು ಚಿಟಿಕೆ ರೇತಿ ನಾಲಿಗೆಗೆ ಹಾಕಿ ಉಪ್ಪು ನೋಡುತ್ತಿದ್ದರು. ಈ ಖಾಡಿಯ ರೇತಿಗೆ ಆ ಪರೀಕ್ಷೆ ಬೇಡ, ಪ್ರಯೋಗಾಲಯಕ್ಕೆ ಕೊಡಿ. ಮಣ್ಣಿನ ಅಂಶ ನೋಡಲು ಗಾಜಿನ ಜಾಡಿಯಲ್ಲಿ ಅರ್ಧದಷ್ಟು ರೇತಿ, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ 3 ತಾಸು ಬಿಡಿ. ಮೇಲೆ ಕುಳಿತ ಹೂಳಿನ ಪದರ ರೇತಿಯ ಎತ್ತರದ ನೂರಕ್ಕೆ 8 ಪಾಲು ಮೀರಿದರೆ ಲೋಡನ್ನು ವಾಪಸ್ ಕಳಿಸಿ. ಜಾಡಿಗೆ ಕೈಹಾಕುವ ಮೊದಲು ಚಾಲಕನ ಬಳಿ ರಾಜ್ಯ ಸರ್ಕಾರದ ಮಹಾಖನಿಜ ವ್ಯವಸ್ಥೆಯ ಸಾಗಣೆ ಪಾಸ್ ಕೇಳಿ, ಅದರ ಮೇಲಿನ ಗಾಡಿ ನಂಬರ್, ದಿನಾಂಕ, ತುಂಬಿದ ಜಾಗ, ಬ್ರಾಸ್ ಎಷ್ಟೆಂಬುದನ್ನು ಎದುರಿಗೆ ನಿಂತ ಡಂಪರಿನ ಜತೆ ಹೋಲಿಸಿ ನೋಡಿ, ಪಾಸಿನ ಪ್ರತಿಯನ್ನು ಸೊಸೈಟಿಯ ಫೈಲಿನಲ್ಲಿ ಬಿಲ್ಲಿನ ಜತೆಗೇ ಇಟ್ಟುಕೊಳ್ಳಿ.